ಖೋನ್‌ಕೇನಿಗೆ ಯಾವ ವೀಸಾ

ಜೂನ್ 6, 2005

ಇವತ್ತು ಅಮೀರ್‌ಪೇಟೆಗೆ ಹೋಗಿ ಮಾನ ಕಳೆದುಕೊಂಡು ಬಂದೆ. ಕಳೆದದ್ದು ಗುರುತಿನವರ ಮುಂದಲ್ಲ, ಅಷ್ಟೇ ಸಮಾಧಾನ.

ಜಾವಾ, ಒರಾಕಲ್ ಎಂದು ಕಂಪ್ಯೂಟರ್ ತರಗತಿಗಳ ಚೀಟಿ ಹಂಚುವ ಹುಡುಗರ ನಡುವೆ ದಾರಿ ಮಾಡಿಕೊಂಡು ವೀಸಾ ಏಜೆಂಟನ ಆಫೀಸು ಹುಡುಕಿದೆ. ಒಳಗೆ ಕೂತವರೆಲ್ಲ ಅಮೆರಿಕಕ್ಕೆ ಹೊರಟ ಹುಡುಗರು, ಒಬ್ಬೊಬ್ಬರ ಪಕ್ಕದಲ್ಲೂ ಒಬ್ಬೊಬ್ಬ ಅಪ್ಪ. ನನ್ನನ್ನೂ ಯಾರದೋ ಅಪ್ಪ ಎಂದುಕೊಂಡು ಕುರ್ಚಿ ಕೊಟ್ಟರು. ಏಜೆಂಟ್ ಕಾಶಿನಾಥ ಭಾಲ್ಕಿ ಕಡೆಯವನು. ನನ್ನ ಹಿಂದಿಯ ಎರಡು ಮಾತು ಕೇಳಿದ್ದೇ ಕನ್ನಡಕ್ಕೆ ಇಳಿದ. ಯಾವ ದೇಶ ಎಂದು ಕೇಳಿದ. ಥೈಲ್ಯಾಂಡ್ ಎಂದೆ, ಮೆಲ್ಲಗೆ. ಅವನು ಪೆನ್ನು ಕೆಳಗಿಟ್ಟು ಮೊದಲು ನನ್ನ ಹಣೆಯ ವಿಭೂತಿ ನೋಡಿದ, ಆಮೇಲೆ ಬಿಳಿ ಮೀಸೆ ನೋಡಿದ.

"ಬ್ಯಾಂಕಾಕ್ ಏನ್ರಿ? ಒಬ್ಬರೇ ಹೊಂಟೀರೋ, ದೋಸ್ತರು ಅದಾರೋ?"

ಪಕ್ಕದ ಕುರ್ಚಿಯ ಅಪ್ಪ ಪೇಪರು ಎತ್ತಿ ಮುಖ ಮುಚ್ಚಿಕೊಂಡ. ಪೇಪರು ಅಲುಗಾಡುತ್ತಿತ್ತು. ನಾನು ಕೂಡಲೇ ಸಿಂಗಾಪುರ ಎಂದು ತಿದ್ದಿದೆ. ಸಿಂಗಾಪುರದ ಬಗ್ಗೆ ಅವನು ಹೇಳಿದ್ದನ್ನೆಲ್ಲ ತಲೆದೂಗಿ ಕೇಳಿ, ಅದರ ಕಾಗದಗಳನ್ನೂ ಇಸಿದುಕೊಂಡು ಸನತ್‌ನಗರದ ಬಸ್ಸು ಹತ್ತಿದೆ. ಸಿಂಗಾಪುರದಲ್ಲಿ ನನಗೆ ನರಪಿಳ್ಳೆಯೂ ಇಲ್ಲ. ಐವತ್ತನಾಲ್ಕು ವರ್ಷದ ಗಂಡಸಿಗೆ ಒಂದು ದೇಶದ ಹೆಸರು ಬಾಯಿಬಿಟ್ಟು ಹೇಳಲು ಆಗುವುದಿಲ್ಲವೆಂದರೆ ಏನು.

ಜೂನ್ 7

ಮಗಳು ಸುಮತಿ ಇರುವುದು ಬ್ಯಾಂಕಾಕಿನಲ್ಲಿ ಅಲ್ಲವೇ ಅಲ್ಲ. ಖೋನ್‌ಕೇನ್ ಎಂಬ ಊರು, ರಾತ್ರಿಯಿಡೀ ರೈಲಿನ ದಾರಿ, ಸುತ್ತಲೂ ಗದ್ದೆ, ಶೇಂಗಾ ಹೊಲ. ಆದರೆ ಖೋನ್‌ಕೇನ್ ಯಾರಿಗೆ ಗೊತ್ತು? ಬ್ಯಾಂಕಾಕ್ ಎಲ್ಲರಿಗೂ ಗೊತ್ತು. ನಾನಿನ್ನೂ ಕೆಲಸದಲ್ಲಿದ್ದಾಗ ಫ್ಯಾಕ್ಟರಿಯಲ್ಲಿ ಮಾರ್ಕೆಟಿಂಗ್ ಸಾಹೇಬರು ಅಲ್ಲಿಗೆ ಹೋಗಿ ಬಂದಾಗ ನಾವೆಲ್ಲ ಕ್ಯಾಂಟೀನಿನಲ್ಲಿ ಏನು ಮಾತಾಡಿ ನಕ್ಕಿದ್ದೆವು ಎಂಬುದು ನನಗೇ ಗೊತ್ತಿದೆ. ಈಗ ಆ ನಗೆಗೆಲ್ಲ ಹೆದರಿ ಕೂತಿದ್ದೇನೆ.

ಜೂನ್ 15

ಸುಮತಿಯ ಫೋನ್. ಎರಡನೆಯ ಹೆರಿಗೆ ಡಿಸೆಂಬರಿಗಂತೆ. ಈ ಸಲ ತ್ರಾಸು ಇದೆಯಂತೆ, ಡಾಕ್ಟರು ಹೆಚ್ಚು ಓಡಾಡಬೇಡ ಎಂದಿದ್ದಾರೆ. ಮೂರು ವರ್ಷದ ದೊಡ್ಡ ಕೂಸನ್ನು ಹಿಡಿಯುವವರಿಲ್ಲ. ಕೂಸಿಗೆ ಮಾಲಿ ಎಂದು ಹೆಸರಿಟ್ಟಿದ್ದಾರೆ, ತೋಟಕ್ಕೆ ನೀರು ಹಾಕುವವನ ಹಾಗೆ. ಅವರ ಕಡೆ ಅದು ಮಲ್ಲಿಗೆಯಂತೆ, ಇರಲಿ.

"ಅವ್ವ ಇದ್ದಿದ್ರ ಬರ್ತಿದ್ಳು. ನೀ ಬರ್ತಿ ಏನಪಾ?" ಎಂದಳು. ಒಂದು ವರ್ಷವಾದರೂ ಇರು ಎಂದಳು.

ವೀಸಾ ನೋಡುತ್ತೇನೆ ಎಂದು ಫೋನಿಟ್ಟೆ. ಕೂಸನ್ನು ಒಮ್ಮೆ ನೋಡಿ ಬರೋಣವೆಂದು ಅವಳು ಕೇಳುವ ಮೊದಲೇ ಅಮೀರ್‌ಪೇಟೆಗೆ ಹೋಗಿದ್ದನ್ನು ಹೇಳಲಿಲ್ಲ. ಐದು ವರ್ಷದ ಹಿಂದೆ ಪಟಾನ್‌ಚೆರುವಿನ ಬೆಳೆ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಶೇಂಗಾ ತಳಿಯ ತರಬೇತಿಗೆಂದು ಥೈಲ್ಯಾಂಡಿನಿಂದ ಬಂದಿದ್ದ ಆ ಮನುಷ್ಯನನ್ನು ಕಟ್ಟಿಕೊಂಡು ಹೋದಳು. ಮದುವೆಗೆ ನಾನು ಹೋಗಲಿಲ್ಲ, ಆ ಮನುಷ್ಯನ ಮುಖವನ್ನೂ ನೋಡಿಲ್ಲ. ಬಳಗದಲ್ಲಿ ಕೇಳಿದವರಿಗೆ ಸುಮತಿ ಸಿಂಗಾಪುರದಲ್ಲಿದ್ದಾಳೆ, ನೌಕರಿ ಮಾಡುತ್ತಾಳೆ ಎಂದೆ. ಈಗ ಆ ಸಿಂಗಾಪುರವೇ ಕೊರಳಿಗೆ ಸುತ್ತಿಕೊಂಡಿದೆ.

ಜೂನ್ 28

ಧೈರ್ಯ ಮಾಡಿ ಮತ್ತೆ ಕಾಶಿನಾಥನ ಹತ್ತಿರ ಹೋದೆ. ಮಧ್ಯಾಹ್ನದ ಊಟದ ಹೊತ್ತು ನೋಡಿ ಹೋದೆ, ಆಫೀಸು ಖಾಲಿ ಇತ್ತು. ಸಿಂಗಾಪುರ ಅಲ್ಲ, ಥೈಲ್ಯಾಂಡೇ, ಒಂದು ವರ್ಷ ಇರಬೇಕು ಎಂದೆ. ಯಾಕೆ ಎಂದು ಕೇಳಿದ. ಮೇಜಿನ ಮೇಲಿದ್ದ ಅರ್ಜಿಯನ್ನು ತಿರುವಿ ನೋಡಿದೆ.

ಅವನು ತಾನೇ ಒಂದೊಂದಾಗಿ ಹೇಳಿದ. ಪ್ರವಾಸಿ ವೀಸಾ ಬೇಗ ಸಿಗುತ್ತದೆ. ಆದರೆ ಕೆಲವೇ ತಿಂಗಳು, ಆಮೇಲೆ ಗಡಿ ದಾಟಿ ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತಿರಬೇಕು, ಈ ವಯಸ್ಸಿಗೆ ಆ ಕುಣಿದಾಟ ಬೇಡ ಎಂದ. ಐವತ್ತು ದಾಟಿದ ನಿವೃತ್ತರದ್ದೊಂದು ಇದೆ, ಅದಕ್ಕೆ ಬ್ಯಾಂಕಿನಲ್ಲಿ ತೋರಿಸಬೇಕಾದ್ದನ್ನು ಕೇಳಿಯೇ ನಾನು ಕೈಮುಗಿದೆ. ಅಲ್ಲಿ ಮಗನೋ ಮಗಳೋ ಇದ್ದರೆ ಅವರ ಆಸರೆಯಲ್ಲಿ ಹೋಗುವುದು ಒಂದು. ಕೊನೆಯದು ವಿದ್ಯಾರ್ಥಿ ವೀಸಾ. ಥಾಯ್ ಭಾಷೆ ಕಲಿಸುವ ಶಾಲೆಗೆ ಸೇರಿ, ಅವರ ಪತ್ರ ತರಿಸಿ, ಫೈಲು ಕಳಿಸಬೇಕು. ಅಲ್ಲಿ ದಿನಾ ತರಗತಿಗೆ ಹೋಗಬೇಕು, ಹಾಜರಿ ಇದ್ದರೆ ಅಲ್ಲಿಯೇ ಅವಧಿ ಮುಂದುವರಿಸುತ್ತಾರೆ.

ಅಲ್ಲಿ ನಿಮ್ಮವರು ಯಾರಾದರೂ ಇದ್ದಾರಾ ಎಂದು ಕೇಳಿದ. ಇಲ್ಲ ಎಂದೆ.

ಹೇಳಬಹುದಿತ್ತು. ಆದರೆ ಮಗಳ ಆಸರೆ ಎಂದರೆ ಕಾಗದಕ್ಕೆ ಆ ಮನುಷ್ಯನ ಸಹಿ ಬೀಳಬೇಕು. ಮಗಳನ್ನು ಕೊಟ್ಟ ಮನೆಯಲ್ಲಿ ನಮ್ಮಪ್ಪ ನೀರು ಕುಡಿದವನಲ್ಲ. ಅಕ್ಕನ ಮನೆಗೆ ಹೋದರೆ ರೊಟ್ಟಿಯ ಗಂಟು ಜೊತೆಗೇ ಒಯ್ದು, ಊರ ಹೊರಗಿನ ಬಾವಿಯ ಹತ್ತಿರ ತಿಂದು ಬರುತ್ತಿದ್ದ. ನಾನು ಅಂಥವನ ಮಗ. ಒಂದು ವರ್ಷ ಅಳಿಯನ ಅನ್ನ ತಿಂದುಕೊಂಡು, ಅದೂ ನಾನಾಗಿ ಮಗಳನ್ನು ಕೊಟ್ಟಿರದ ಅಳಿಯನ ಅನ್ನ? ವಿದ್ಯಾರ್ಥಿ ವೀಸಾ ಎಂದರೆ ನನ್ನ ಪಾಡಿಗೆ ನಾನು. ಕೋಣೆ ಹಿಡಿದು ಇರುತ್ತೇನೆ, ಶಾಲೆಗೆ ಹೋಗುತ್ತೇನೆ, ಮಗಳನ್ನು ನೋಡಿ ಬರುತ್ತೇನೆ.

ಅದನ್ನೇ ಮಾಡಿಸಿ ಎಂದೆ. ಕಾಶಿನಾಥ ಅರ್ಜಿಯಲ್ಲಿ ವಿಧುರ ಎಂದು ತುಂಬಿಕೊಂಡು, ಮನೆಯವರು ತೀರಿಕೊಂಡು ಎಷ್ಟು ವರ್ಷವಾಯಿತು ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದ. ಅಲ್ಲಿ ಯಾವಳನ್ನೋ ಹುಡುಕಿಕೊಂಡು ಹೊರಟಿದ್ದೇನೆ ಎಂದು ತಿಳಿದುಕೊಂಡ ಎಂಬುದು ಮೆಟ್ಟಿಲು ಇಳಿಯುವಾಗ ಹೊಳೆಯಿತು. ತಿರುಗಿ ಹೋಗಿ ಬೈಯಬೇಕು ಅನ್ನಿಸಿತು. ಬೈದು ಏನು ಹೇಳಲಿ?

ಜುಲೈ 10

ಲಿಂಗಂಪಲ್ಲಿಗೆ, ಅಕ್ಕ ಗಂಗಾಬಾಯಿಯ ಮನೆಗೆ ಹೋಗಿದ್ದೆ. ಭಾವ ತೀರಿಕೊಂಡ ಮೇಲೆ ಅವಳಿಗೆ ಗಂಡು ದಿಕ್ಕೆಂದರೆ ನಾನೇ. ಅವಳ ಮಗಳು ಶೈಲಾಗೆ ಹುಮನಾಬಾದಿನ ಕಡೆಯ ಸಂಬಂಧ ಬಂದಿದೆ, ಹುಡುಗಿಯನ್ನು ನೋಡಿ ಹೋಗಿದ್ದಾರೆ. ಹುಡುಗನ ತಂದೆ ಮಾಣಿಕಪ್ಪನವರು ಬೇಳೆ, ಶೇಂಗಾ ವ್ಯಾಪಾರಿ. ಮಾತುಕತೆ ಸೋದರಮಾವನಾದ ನನ್ನ ಮನೆಯಲ್ಲಿ ಆಗಬೇಕೆಂದು ಅಕ್ಕ ಗೊತ್ತು ಮಾಡಿದ್ದಾಳೆ.

ನನ್ನ ಹೊರಡುವ ಸುದ್ದಿ ಹೇಳಿದೆ. ಬಾಣಂತನಕ್ಕೆ ಗಂಡಸು ಹೋಗುವುದನ್ನು ಎಲ್ಲಿ ಕಂಡಿದ್ದೀಯ ಎಂದಳು. ಹಾಗಾದರೆ ನೀನು ಬಾ ಎಂದೆ. ಆ ಮಾತು ಕಿವಿಗೆ ಬೀಳಲಿಲ್ಲವೆಂಬಂತೆ ಮೆಂತ್ಯ ಸೊಪ್ಪು ಸೋಸಿದಳು. ವಿದ್ಯಾರ್ಥಿ ಎಂದು ಹೇಳಿದಾಗ ಮಾತ್ರ ತಲೆ ಎತ್ತಿ ನೋಡಿ, ಅರವತ್ತಕ್ಕೆ ಅರಳು ಮರಳು ಅಂತಾರ, ನಿನಗ ಮೊದಲ ಬಂತು ಎಂದಳು.

"ಶೈಲಾನ ಮದುವಿ ಆಗೂತನಾ ಸಿಂಗಾಪುರ. ಆಮ್ಯಾಲ ನಿನ್ನ ಮಗಳು ಎಲ್ಲಿ ಬೇಕಾದ್ರ ಇರಲಿ."

ಆಗಲಿ ಎಂದೆ. ಅವಳ ಮೇಲೆ ಸಿಟ್ಟು ಬರಲು ಹಕ್ಕಿಲ್ಲ. ಸಿಂಗಾಪುರ ಎಂದು ಮೊದಲು ಹೇಳಿಕೊಟ್ಟವನು ನಾನು.

ಜುಲೈ 19

ಸುಮತಿ ಕಳಿಸಿದ ಥಾಯ್ ಪಾಠದ ಕ್ಯಾಸೆಟ್ ಹಾಕಿಕೊಂಡು ಕೂತೆ. ಒಂದೇ ಮಾತನ್ನು ಏರಿಸಿ ಹೇಳಿದರೆ ಒಂದು ಅರ್ಥ, ಇಳಿಸಿದರೆ ಇನ್ನೊಂದು. ಕಿಟಕಿ ಮುಚ್ಚಿ ಹೇಳಿಕೊಂಡೆ. ಕೆಳಗಿನ ಮನೆಯ ಹುಡುಗಿ ಬಂದು ಅಂಕಲ್‌ಗೆ ಹಲ್ಲುನೋವಾ ಎಂದು ಕೇಳಿದಳು.

ಆಗಸ್ಟ್ 3

ಸುಮತಿ ಫೋನನ್ನು ಕೂಸಿನ ಕೈಗೆ ಕೊಟ್ಟಳು. ಮಾಲಿ ಮಾತಾಡಿದ್ದು ಅಷ್ಟೂ ಥಾಯ್. ನನಗೆ ಬರುವುದು ನುಂಗ್, ಸೋಂಗ್, ಸಾಮ್, ಅಂದರೆ ಒಂದು, ಎರಡು, ಮೂರು. ಅದನ್ನೇ ಹೇಳಿದೆ. ಅತ್ತ ಕಡೆ ನಗುವೋ ನಗು. ನನ್ನ 'ಸಾಮ್' ಸರಿಯಿಲ್ಲವಂತೆ, ಮತ್ತೆ ಮತ್ತೆ ಹೇಳಿಸಿದಳು. ಫ್ಯಾಕ್ಟರಿಯಲ್ಲಿ ಯಾವ ಫೋರ್‌ಮನ್ನೂ ನನ್ನನ್ನು ಹೀಗೆ ದುಡಿಸಿಲ್ಲ. ತಾಯಿಯ ತಂದೆಗೆ ಅವರು 'ತಾ' ಎನ್ನುತ್ತಾರಂತೆ. ಫೋನಿಡುವ ಮುಂಚೆ ಎರಡು ಸಲ ಅಂದಳು.

ಕೋಣೆಯ ವಿಷಯ ಪ್ರಸಿತ್ ನೋಡುತ್ತಿದ್ದಾನೆ ಎಂದು ಸುಮತಿ ಹೇಳಿದಳು. ಪ್ರಸಿತ್ ಎಂದರೆ ಆ ಮನುಷ್ಯ. ಬೇಡ ಎನ್ನಬೇಕಿತ್ತು, ಮರೆತೆ.

ಆಗಸ್ಟ್ 17

ಪ್ರಸಿತ್ ಬರುತ್ತಾನಂತೆ. ಪಟಾನ್‌ಚೆರುವಿನಲ್ಲಿ ಏನೋ ಸಭೆ. ಇಪ್ಪತ್ತೊಂದರ ಸಂಜೆ ನನ್ನನ್ನು ನೋಡಿ ರಾತ್ರಿಯ ವಿಮಾನಕ್ಕೆ ಹೋಗುತ್ತಾನೆ. ಶಾಲೆಯ ಪತ್ರವನ್ನೂ ಕೈಯಲ್ಲೇ ತರುತ್ತಾನಂತೆ. ಅದೇ ಬೆಳಿಗ್ಗೆ ಹುಮನಾಬಾದಿನವರು ಬರುವುದು. ಬೆಳಿಗ್ಗೆ ಅವರು, ಸಂಜೆ ಇವನು. ಒಬ್ಬರ ನೆರಳು ಒಬ್ಬರಿಗೆ ತಾಗುವುದಿಲ್ಲ. ಲೆಕ್ಕ ಸರಿಯಾಗಿದೆ.

ಆಗಸ್ಟ್ 21

ಬರೆಯಬಾರದು ಅನ್ನಿಸುತ್ತಿದೆ. ಬರೆಯದೆ ಬಿಟ್ಟರೆ ನಾಳೆ ಇದನ್ನು ಬೇರೆ ರೀತಿ ನೆನಪಿಟ್ಟುಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಮಾಣಿಕಪ್ಪನವರು, ಅವರ ಹೆಂಡತಿ ಶಿವದೇವಿ ಹತ್ತರ ಹೊತ್ತಿಗೆ ಬಂದರು. ಅಕ್ಕ ಬೆಳಿಗ್ಗೆಯಿಂದಲೇ ಬಂದು ಅಡುಗೆಮನೆ ಹಿಡಿದಿದ್ದಳು. ಮಾಣಿಕಪ್ಪನವರು ದಪ್ಪ ಮನುಷ್ಯ, ಮಾತು ಕಡಿಮೆ. ಗೋಡೆಯ ಮೇಲೆ ಸುಮತಿ ಪದವಿಯ ದಿನ ತೆಗೆಸಿದ ಫೋಟೋ ಇದೆ. ಮಗಳಾ ಎಂದು ಕೇಳಿದರು. ಹೌದು, ಸಿಂಗಾಪುರದಲ್ಲಿದ್ದಾಳೆ ಎಂದು ಅಕ್ಕ ಒಳಗಿನಿಂದಲೇ ಉತ್ತರ ಕೊಟ್ಟಳು. ಮಾತು ಹದಕ್ಕೆ ಬಂದಿತ್ತು. ಆಗ ಬಾಗಿಲು ಬಡಿದ ಸದ್ದಾಯಿತು.

ಪ್ರಸಿತ್. ಸಭೆ ಬೇಗ ಮುಗಿದು, ಹಿರಿಯರ ಮನೆಗೆ ಕತ್ತಲಾದ ಮೇಲೆ ಹೋಗುವುದು ಸರಿಯಲ್ಲವೆಂದು ಮಧ್ಯಾಹ್ನಕ್ಕೇ ಬಂದನಂತೆ. ಕುಳ್ಳಗಿದ್ದಾನೆ. ಹೊಲದ ಬಿಸಿಲಿಗೆ ಕಪ್ಪಾದ ಮುಖ, ಒಕ್ಕಲಿಗನ ಕೈ. ಚಪ್ಪಲಿ ಕಳಚಿ ಗೋಡೆಗೆ ಜೋಡಿಸಿಟ್ಟು, ಒಳಗೆ ಬಂದವನೇ ನನ್ನ ಮುಂದೆ ಮಂಡಿಯೂರಿ ಕೂತು, ಕೈಜೋಡಿಸಿ, ಹಣೆ ನೆಲಕ್ಕೆ ತಾಗುವಷ್ಟು ಬಾಗಿದ. ನನ್ನ ಕಾಲಿಗೆ ಹೀಗೆ ಯಾರೂ ಬಾಗಿರಲಿಲ್ಲ. ಮಾಣಿಕಪ್ಪನವರು ಯಾರು ಇವರು ಎಂಬಂತೆ ನೋಡಿದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದಳು. ಅವಳು ಏನೂ ಹೇಳಲಿಲ್ಲ. ಹೇಳಿದವನು ನಾನು.

"ಇವರು ಜಪಾನದವರ್ರಿ. ಫ್ಯಾಕ್ಟರಿಗೆ ಮಷಿನು ತಂದಾಗಿನ ಪರಿಚಯ."

ಹೇಳುವಾಗ ಅವನ ಕಡೆ ಕೈ ತೋರಿಸಿದೆ. ಅವನಿಗೆ ಕನ್ನಡ ಬರುವುದಿಲ್ಲ. ಮಾವ ತನ್ನನ್ನು ಬಳಗಕ್ಕೆ ಪರಿಚಯ ಮಾಡಿಸಿದ ಎಂದುಕೊಂಡ. ಮುಖ ಅರಳಿತು. ಮಾಣಿಕಪ್ಪನವರಿಗೆ, ಶಿವದೇವಿಯವರಿಗೆ, ಬಾಗಿಲಲ್ಲಿದ್ದ ಅಕ್ಕನಿಗೆ ಒಬ್ಬೊಬ್ಬರಿಗೂ ಕೈಜೋಡಿಸಿ ಬಾಗಿದ. ಆಮೇಲೆ ಮಾಣಿಕಪ್ಪನವರ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ತಟ್ಟೆಯಲ್ಲಿದ್ದ ಶೇಂಗಾ ಒಂದನ್ನು ಬಿಡಿಸಿ ಬೀಜವನ್ನು ಬೆಳಕಿಗೆ ಹಿಡಿದು ನೋಡಿದ. ಮಾಣಿಕಪ್ಪನವರೂ ಒಂದು ಬಿಡಿಸಿದರು. ಶೇಂಗಾ ವ್ಯಾಪಾರಿಗೂ ಶೇಂಗಾ ಬೆಳೆಸುವವನಿಗೂ ಭಾಷೆ ಯಾಕೆ ಬೇಕು? ಬೆರಳಲ್ಲೇ ಎಣ್ಣೆ, ಸಿಪ್ಪೆ, ಗಾತ್ರ ಎಲ್ಲ ಮಾತಾಡಿಕೊಂಡರು. ಜಪಾನಿನಲ್ಲಿ ಮಷಿನಿನವರಿಗೂ ಶೇಂಗಾ ಇಷ್ಟು ಗೊತ್ತಾ ಎಂದು ಮಾಣಿಕಪ್ಪನವರು ನನ್ನನ್ನು ಕೇಳಿದರು. ನಾನು ನೀರು ತರಲು ಎದ್ದೆ.

ತಿರುಗಿ ಬರುವಷ್ಟರಲ್ಲಿ ಅವನು ಪಾಕೀಟಿನಿಂದ ಫೋಟೋ ತೆಗೆದು ಅವರ ಕೈಗೆ ಕೊಟ್ಟಿದ್ದ. ಯಾಕೆ ಕೊಡಬಾರದು? ಅವನ ಲೆಕ್ಕದಲ್ಲಿ, ಅಳಿಯನೆಂದು ಎಲ್ಲರಿಗೂ ಗೊತ್ತಾದ ಮೇಲೆ ಮನೆಮಂದಿಯನ್ನು ತೋರಿಸುವುದು ರೂಢಿಯೇ. ಫೋಟೋದಲ್ಲಿ ಸುಮತಿ ಕೂತಿದ್ದಾಳೆ, ತೊಡೆಯ ಮೇಲೆ ಮಾಲಿ, ಹಿಂದೆ ಅವನು. ಮಾಣಿಕಪ್ಪನವರು ಫೋಟೋ ನೋಡಿದರು. ಗೋಡೆ ನೋಡಿದರು. ಮತ್ತೆ ಫೋಟೋ ನೋಡಿದರು. ಅಕ್ಕನ ಲಟ್ಟಣಿಗೆ ಒಳಗೆಲ್ಲೋ ಬಿತ್ತು.

"ಕೂಸು ಭಾಳ ಚಂದ ಐತ್ರಿ, ಶಿವಶರಣಪ್ಪನವರ. ಮೂಗು ನಿಮ್ದ ಐತಿ."

ಅಷ್ಟೇ ಅಂದರು. ಫೋಟೋವನ್ನು ಹೆಂಡತಿಗೂ ತೋರಿಸಿ, ಎರಡೂ ಕೈಯಲ್ಲಿ ಹಿಡಿದು ಪ್ರಸಿತ್‌ಗೆ ಮರಳಿಸಿದರು. ಮದುವೆಯ ಮಾತು ಮುಂದೆ ಹೋಗಲಿಲ್ಲ. ಊಟ ಮಾಡಿ ಹೊರಟರು. ಹೊರಡುವಾಗ ಅವನ ಬೆನ್ನು ತಟ್ಟಿದರು. ನನಗೆ ನಮಸ್ಕಾರ ಅಂದರು.

ಅವರು ಹೋದ ಮೇಲೆ ಅವನು ಚೀಲದಿಂದ ಶಾಲೆಯ ಪತ್ರ ತೆಗೆದು ಕೊಟ್ಟ. ನನ್ನ ಹೆಸರಿನ ಮುಂದೆ ವಿದ್ಯಾರ್ಥಿ ಎಂದಿದೆ. ತಾನೇ ಹೋಗಿ ಸೇರಿಸಿ ಬಂದನಂತೆ. ನಾನು ಅಳಿಯನ ಮನೆಯಲ್ಲಿ ಉಣ್ಣುವುದಿಲ್ಲವೆಂದು ಸುಮತಿ ಹೇಳಿದ್ದಾಳೆ. ಅದಕ್ಕೆ ಅಂಗಳದ ಆಚೆ ಕೋಣೆಗೆ ಬೇರೆ ಒಲೆ ಹಾಕಿಸಿದ್ದಾನೆ. ಬಾಡಿಗೆ ನೀವೇ ಕೊಡಿ, ಆಗ ಅದು ನಿಮ್ಮ ಮನೆ ಎಂದ. ಇದನ್ನು ಹೇಳಲು ಇಂಗ್ಲಿಷಿಗೆ ಬಹಳ ಒದ್ದಾಡಿದ. ನಾನು ಗುಡ್, ಗುಡ್ ಎಂದೆ. ನನ್ನ ಇಂಗ್ಲಿಷ್ ಫ್ಯಾಕ್ಟರಿಯದು, ನಟ್ಟು ಬೋಲ್ಟಿಗೆ ಸಾಲುತ್ತದೆ.

ಆಗಸ್ಟ್ 22

ಊಟ ಸೇರಲಿಲ್ಲ.

ಆಗಸ್ಟ್ 25

ಅಕ್ಕ ಬಂದಿದ್ದಳು. ನಾಲ್ಕು ದಿನದ ಸಿಟ್ಟನ್ನು ಒಟ್ಟುಮಾಡಿಕೊಂಡು ಬಂದಂತಿತ್ತು. ಆದರೆ ಸುದ್ದಿ ಒಳ್ಳೆಯದೇ. ಹುಮನಾಬಾದಿನವರು ಒಪ್ಪಿದ್ದಾರೆ. ಹುಡುಗಿ ಹಿಡಿಸಿದ್ದಾಳೆ, ತಾಯಿಯೂ ಹಿಡಿಸಿದ್ದಾಳೆ. ಮಾಣಿಕಪ್ಪನವರು ಫೋನಿನಲ್ಲಿ ಒಂದೇ ಮಾತು ಹೆಚ್ಚಿಗೆ ಅಂದರಂತೆ. ಅದನ್ನು ಅಕ್ಕ ನಿಂತೇ ಹೇಳಿದಳು.

"ಆ ಹುಡುಗಂದು ನಮಗ ಏನೂ ಅಡ್ಡಿ ಇಲ್ಲ. ಮನೀ ಅಳಿಯನ್ನ ಜಪಾನದವ ಅಂದವರು, ನಾಳೆ ನಮಗ ಒಂದು ಕೆಟ್ಟ ದಿನ ಬಂದ್ರ ನಮ್ಮನ್ನ ಯಾರು ಅಂತಾರೋ ನೋಡಬೇಕು."

ನಿಶ್ಚಯದ ದಿನ ಸೋದರಮಾವನ ಕೈಯಿಂದ ತಾಂಬೂಲ ಬೇಡ, ತಾಯಿಯೇ ಕೊಡಲಿ ಅಂದರಂತೆ. ಅಕ್ಕ ಅದಕ್ಕೆ ಒಪ್ಪಿ ಬಂದಿದ್ದಾಳೆ. ನಾನೂ ಒಪ್ಪಿದೆ. ನ್ಯಾಯವಾಗಿಯೇ ಇದೆ.

ಐದು ವರ್ಷ ಯಾರ ನಾಲಿಗೆಗೆ ಹೆದರಿ ಸಿಂಗಾಪುರ ಕಟ್ಟಿದ್ದೆನೋ, ಆ ನಾಲಿಗೆ ಕೂಸಿನ ಮೂಗು ಚಂದ ಇದೆ ಎಂದಿತು. ಈಗ ನಾಚಿಕೆಪಡಲು ಉಳಿದದ್ದು ನನ್ನ ನಾಲಿಗೆ ಒಂದೇ.

ಆಗಸ್ಟ್ 27

ಸುಮತಿ ಫೋನ್ ಮಾಡಿದಳು. ಇಷ್ಟು ಹಗುರಾದ ಅವಳ ದನಿ ಕೇಳಿ ಎಷ್ಟೋ ವರ್ಷವಾಗಿತ್ತು.

"ಅಪ್ಪಾ, ಅವ್ರು ಊರಿಗೆಲ್ಲಾ ಹೇಳಾಕತ್ಯಾರ. ಬೀಗರ ಮುಂದ ನನ್ನ ಅಳಿಯಾ ಅಂತ ಹೇಳಿದಿಯಂತ. ನಾ ಅಂತೂ ನಂಬಲಿಲ್ಲ. ಖರೇನ?"

ಹೌದು ಎಂದೆ.

ಅತ್ತ ಅವಳು ಅಳುತ್ತಿದ್ದಳು, ಸಂತೋಷಕ್ಕೆ. ಹಿಂದೆ ಪ್ರಸಿತ್ ಏನೋ ಹೇಳಿ ನಗುತ್ತಿದ್ದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಫೋನಿಟ್ಟ ಮೇಲೂ ಅಲ್ಲೇ ನಿಂತಿದ್ದೆ. ಜಪಾನಿ ಎಂದದ್ದು ಹೆದರಿಕೆಯ ಬಾಯಿಂದ, ಒಂದು ಗಳಿಗೆಯಲ್ಲಿ ಬಂದದ್ದು. ಈ ಹೌದು ಮಾತ್ರ ತಿಳಿದೂ ತಿಳಿದೂ ಹೇಳಿದ್ದು. ಬಸುರಿ ಮಗಳಿಗೆ ನಿಜ ಹೇಳಬಾರದು ಎಂದು ನೆವ ಹುಡುಕಿಕೊಂಡೆ. ನೆವ ಹುಡುಕುವುದರಲ್ಲಿ ನಾನು ಪಳಗಿದವನು.

ಸೆಪ್ಟೆಂಬರ್ 2

ಕಾಶಿನಾಥನ ಆಫೀಸಿಗೆ ಶಾಲೆಯ ಪತ್ರ ಒಯ್ದೆ. ಜನ ತುಂಬಿದ್ದರು, ಇದ್ದರೆ ಇರಲಿ ಎಂದು ಕಾದೆ. ಪತ್ರ ತಂದುಕೊಟ್ಟವರು ಯಾರು ಎಂದು ಕೇಳಿದ. ಅಳಿಯ ಎಂದೆ. ಮಗಳು ಅಲ್ಲೇ ಇದ್ದಾಳೆ, ಮೊಮ್ಮಗಳಿದ್ದಾಳೆ, ಡಿಸೆಂಬರಿಗೆ ಇನ್ನೊಂದು ಬರುತ್ತದೆ ಎಂದೆ. ಅವನು ಹಣೆ ಚಚ್ಚಿಕೊಂಡ. ಇದನ್ನು ಮೊದಲೇ ಹೇಳಿದ್ದರೆ ಇಷ್ಟೊಂದು ಪರದಾಟ ಯಾಕೆ ಬೇಕಿತ್ತು, ಅಳಿಯನ ಕಡೆಯ ಒಂದು ಪತ್ರ, ಮಗಳ ಮದುವೆಯ ಕಾಗದ ತರಿಸಿ, ಅವರ ಆಸರೆಯ ವೀಸಾಕ್ಕೆ ಹಾಕುತ್ತೇನೆ ಎಂದ. ತರಗತಿ ಇಲ್ಲ, ಹಾಜರಿ ಇಲ್ಲ, ಮೊಮ್ಮಗಳನ್ನು ಆಡಿಸಿಕೊಂಡು ಆರಾಮಾಗಿ ಇರಬಹುದು ಎಂದ.

ಅಳಿಯ ಸಹಿ ಮಾಡುತ್ತಾನೆ, ಅದರಲ್ಲಿ ಅನುಮಾನವಿಲ್ಲ. ಕೇಳಿದ ದಿನವೇ ಮಾಡಿ ಕಳಿಸುತ್ತಾನೆ. ಅವನ ಅನ್ನ ಉಣ್ಣಲೂ ಈಗ ನನಗೆ ಅಡ್ಡಿ ಕಾಣುವುದಿಲ್ಲ, ಉಣ್ಣುವ ಯೋಗ್ಯತೆ ನನಗಿದೆಯೋ ಎಂಬುದೇ ಪ್ರಶ್ನೆ. ಆದರೂ ಬೇಡ ಎಂದೆ, ವಿದ್ಯಾರ್ಥಿ ವೀಸಾವನ್ನೇ ಮಾಡಿಸಿ ಎಂದೆ.

ಕಾಶಿನಾಥನಿಗೆ ತಲೆಬುಡ ತಿಳಿಯಲಿಲ್ಲ. ಈ ವಯಸ್ಸಿನಲ್ಲಿ ಹುಡುಗರ ನಡುವೆ ಕೂತು ಅಕ್ಷರ ತಿದ್ದುವುದು ಯಾತಕ್ಕೆ, ಅಳಿಯನಿಗೆ ನಾಲ್ಕು ಮಾತು ಇಂಗ್ಲಿಷ್ ಬರುತ್ತದಲ್ಲ, ಇಲ್ಲವಾದರೆ ಮಗಳು ಹೇಳುತ್ತಾಳಲ್ಲ ಎಂದ. ಕ್ಷಮೆ ಕೇಳಲು ಇಂಗ್ಲಿಷಿನಲ್ಲಿ ನನಗೆ ಬರುವುದು 'ಸಾರಿ' ಒಂದೇ. ಬಸ್ಸಿನಲ್ಲಿ ಕಾಲು ತುಳಿದರೂ ಅದನ್ನೇ ಹೇಳುತ್ತೇನೆ. ಮಗಳ ಬಾಯಿಂದ ಹೇಳಿಸುವ ಮಾತಂತೂ ಇದಲ್ಲ. ಅವತ್ತು ಕೈ ತೋರಿಸಿ ನಾನು ಅಂದದ್ದು ಏನು ಎಂಬುದನ್ನು ಅವನ ಎದುರು ಕೂತು, ಅವನ ಮಾತಿನಲ್ಲಿ ನಾನೇ ಹೇಳಬೇಕು. ಅವನ ಮುಖ ಮುದುಡಿದರೆ ಅದನ್ನೂ ನಾನೇ ನೋಡಬೇಕು.

ಅದನ್ನೆಲ್ಲ ಕಾಶಿನಾಥನಿಗೆ ಹೇಳಲಿಲ್ಲ. ಅಳಿಯನ ಹತ್ತಿರ ಒಂದು ಮಾತು ಆಡುವುದಿದೆ ಎಂದೆ, ಅಷ್ಟೇ.

"ಒಂದ ಮಾತಿಗೆ ಒಂದ ವರ್ಷ ಬೇಕೇನ್ರಿ?"

"ಬೇಕಾಗ್ತೈತ್ರಿ" ಎಂದೆ.